ಕಚ್ಚಾ ಹೊಲಿಗೆಯೆಂದು ಬಿಚ್ಚಿದ್ದು

ಬೆಳಗ್ಗೆ ಎದ್ದಾಗ ಬೆರಳು ಮಡಚಲಾಗದಷ್ಟು ಬಿಗಿದಿರುವುದು ನಮ್ಮ ಓಣಿಯಲ್ಲಿ ಹಲವರಿಗೆ ಗೊತ್ತಿರುವ ಕಷ್ಟ. ದರ್ಜಿ ಕೆಲಸದ ನನ್ನಕ್ಕನಿಗೂ ಅದೇ ಆಯಿತು. ಆಸ್ಪತ್ರೆಯಲ್ಲಿ ರುಮಟಾಯ್ಡ್ ಸಂಧಿವಾತ ಎಂದರು. ವಾರಕ್ಕೊಂದು ದಿನ ಮಾತ್ರೆ. ವರ್ಷದೊಳಗೆ ಊತ, ನೋವು ಎರಡೂ ಇಳಿದವು. ಅಕ್ಕ ಮಾತ್ರೆ ಬಿಟ್ಟಳು.

“ಯಾಕಕ್ಕ?” ಅಂದೆ.

“ಮಿಷನ್ ಹೊಲಿಗೆ ಬಿದ್ದ ಮೇಲೆ ಕಚ್ಚಾ ಹೊಲಿಗೆ ಬಿಚ್ಚಲ್ವಾ? ಇದೂ ಹಾಗೇ. ದೊಡ್ಡ ಡಾಕ್ಟರಮ್ಮ ಇವಳು, ಹೋಗಿ ಗುಂಡಿ ಹಚ್ಚು.”

ನಾನು ಗುಂಡಿ ಹಚ್ಚಲು ಕೂತೆ. ಕೆಲವು ತಿಂಗಳಿಗೆ ಅವಳು ಸೂಜಿಗೆ ದಾರ ಪೋಣಿಸಲು ನನಗೆ ಕೊಡತೊಡಗಿದಳು. ಆಮೇಲೆ ಕತ್ತರಿಯನ್ನು ಎರಡು ಕೈಯಲ್ಲಿ ಹಿಡಿದಳು. ಕೇಳಿದರೆ, “ಚಳಿಗೆ ಬಿಗಿದಿದೆ” ಅನ್ನುತ್ತಿದ್ದಳು. ಮರುವರ್ಷ ಬಲಗೈಯ ಎರಡು ಬೆರಳು ವಾರೆಯಾಗಿ ನಿಂತವು. ಆಗ ಆಸ್ಪತ್ರೆಗೆ ಹೋದೆವು.

“ಮಾತ್ರೆ ಯಾಕೆ ಬಿಟ್ರಿ?” ನರ್ಸಮ್ಮ ಕೇಳಿದರು.

“ನೋವು ಹೋಯ್ತಲ್ಲ. ಸಾಯೋವರೆಗೂ ನುಂಗ್ತಾ ಕೂರ್ಲಾ? ಕಚ್ಚಾ ಹೊಲಿಗೆ ಅನ್ಕೊಂಡೆ.”

“ಅದೇ ಗಟ್ಟಿ ಹೊಲಿಗೆ ಕಣಮ್ಮ. ನಮ್ಮನ್ನ ಕಾಯ್ಬೇಕಾದ ಶಕ್ತಿ ನಮ್ಮ ಕೀಲಿನ ಮೇಲೇ ತಿರುಗಿಬೀಳೋ ಕಾಯಿಲೆ ಇದು. ಮಾತ್ರೆ ಅದನ್ನ ಹಿಡಿದಿಟ್ಟಿತ್ತು, ಅದಕ್ಕೇ ನೋವಿರಲಿಲ್ಲ.”

“ಹಾಗಾದ್ರೆ ಯಾವತ್ತೂ ನಿಲ್ಸೋ ಹಾಗಿಲ್ವಾ?”

“ಡಾಕ್ಟರ್ ಹೇಳ್ಬೇಕು. ಬಹಳ ಕಾಲ ಕಾಯಿಲೆ ತಣ್ಣಗಿದ್ರೆ, ಪರೀಕ್ಷೆ ಮಾಡಿ ನಿಧಾನಕ್ಕೆ ಕಡಿಮೆ ಮಾಡ್ತಾರೆ. ಕೆಲವರಿಗೆ ಆಗುತ್ತೆ, ಎಲ್ಲರಿಗೂ ಅಲ್ಲ. ಆಪರೇಷನ್ ಇದ್ರೆ, ಮಗು ಬೇಕು ಅನ್ಕೊಂಡ್ರೆ ಮುಂಚೆನೇ ಹೇಳ್ಬೇಕು. ಕೆಲವು ಮಾತ್ರೆ ಗರ್ಭಕ್ಕೆ ಅಪಾಯ, ತಿಂಗಳುಗಟ್ಟಲೆ ಮೊದಲೇ ನಿಲ್ಲಿಸ್ಬೇಕಾಗುತ್ತೆ. ಜ್ವರ, ಸೋಂಕು ಬಂದ್ರೂ ಅವತ್ತೇ ಕೇಳಿ. ಸ್ವಲ್ಪ ದಿನ ಮಾತ್ರೆ ತಡೀರಿ ಅನ್ನಬಹುದು.”

ಅಕ್ಕ ಕೈ ಮುಂದೆ ಚಾಚಿದಳು. “ಈಗ ಶುರು ಮಾಡಿದ್ರೆ ಇವು ನೆಟ್ಟಗಾಗುತ್ವಾ?”

ನರ್ಸಮ್ಮ ವಾರೆಯಾದ ಬೆರಳುಗಳನ್ನು ಮುಟ್ಟಿ ನೋಡಿದರು. “ಈ ಎರಡು ಹಿಂದಿನ ಹಾಗೆ ಆಗಲ್ಲಮ್ಮ. ಉಳಿದ ಎಂಟನ್ನ ಉಳಿಸ್ಕೊಳ್ಳೋಣ.”

ಅಕ್ಕ ಈಗ ವಾರ ತಪ್ಪಿಸುವುದಿಲ್ಲ, ರಕ್ತ ಪರೀಕ್ಷೆಗೂ ಹೋಗುತ್ತಾಳೆ. ಮಿಷನ್ ತುಳಿಯುತ್ತಾಳೆ. ಕೈಹೊಲಿಗೆಯ ಬಟ್ಟೆ ತಂದವರನ್ನು ಮಾತ್ರ ಪಕ್ಕದ ಅಂಗಡಿಗೆ ಕಳಿಸಿ, ಅವರು ಓಣಿ ತಿರುಗುವವರೆಗೂ ನೋಡುತ್ತಾಳೆ.

ನಿಮಗೂ ಈ ಮಾತ್ರೆ ಇದ್ದರೆ, ನೋವು ಹೋಯಿತೆಂದು ನೀವಾಗಿಯೇ ಬಿಡಬೇಡಿ. ವಾಂತಿ ಬಂದಂತಾದರೂ, ಬೇಸರವಾದರೂ ಡಾಕ್ಟರಿಗೆ ಹೇಳಿ. ಮನೆಯಲ್ಲಿ ಯಾರಾದರೂ ಬಿಟ್ಟಿರುವುದು ಗೊತ್ತಾದರೆ, ಬೈಸಿಕೊಂಡಾದರೂ ಸರಿ, ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ನಾನು ಒಂದು ವರ್ಷ ತಡ ಮಾಡಿದೆ.