ಬಾ ಅಂತೆ

ಶಾಲೆಗಳಿಗೆ ರಜೆ ಬಿಟ್ಟ ಮೇಲೆ ಒಂದು ಶನಿವಾರ ನಮ್ಮ ಚರ್ಚಿನ ಸಭೆಯವರೆಲ್ಲ ಸೇರಿ ಕುಟುಂಬಗಳ ಆಟದ ದಿನ ಮಾಡುವುದು ಹಳೆಯ ರೂಢಿ. ಬೆಳಿಗ್ಗೆ ಚಿಕ್ಕದೊಂದು ಪ್ರಾರ್ಥನೆ, ಆಮೇಲೆ ಸಂಜೆಯವರೆಗೆ ಆಟ. ಗೋಣಿಚೀಲದೊಳಗೆ ಕಾಲಿಟ್ಟು ಕುಪ್ಪಳಿಸುವುದು, ಚಮಚ ಕಚ್ಚಿಕೊಂಡು ನಿಂಬೆಹಣ್ಣು ಬೀಳದಂತೆ ನಡೆಯುವುದು, ಹಾಡು ನಿಂತಾಗ ಕುರ್ಚಿ ಹಿಡಿಯುವುದು. ಕೊನೆಯದು ಮಾತ್ರ ಪ್ರತಿವರ್ಷವೂ ಕಿವಿಮಾತಿನ ಆಟ. ಒಂದು ಮನೆಯ ನಾಲ್ವರು ಒಂದು ಬೆಂಚಿನಲ್ಲಿ ಸಾಲಾಗಿ ಕೂರಬೇಕು. ಮೊದಲಿನವರಿಗೆ ಒಂದು ಚೀಟಿ ಕೊಡುತ್ತಾರೆ. ಅದರಲ್ಲಿರುವ ಮಾತನ್ನು ಅವರು ಪಕ್ಕದವರ ಕಿವಿಯಲ್ಲಿ ಒಂದೇ ಸಲ ಹೇಳಬೇಕು, ಅವರು ಮುಂದಿನವರಿಗೆ. ಕಡೆಯವರು ಎದ್ದು ನಿಂತು ತಮ್ಮ ಕಿವಿಗೆ ಬಿದ್ದದ್ದನ್ನು ಗಟ್ಟಿಯಾಗಿ ಹೇಳಬೇಕು. ಮಾತು ಕೆಡದೆ ತಲುಪಿದರೆ ಬಹುಮಾನ, ಕೆಟ್ಟರೆ ನಗು. ಜನ ಕಾಯುತ್ತಿದ್ದದ್ದು ನಗುವಿಗೆ.

ನಮ್ಮ ಬೆಂಚಿನಲ್ಲಿ ನಾನು, ನನ್ನ ಹೆಂಡತಿ, ದೊಡ್ಡ ಮಗ ಮತ್ತು ಅವನ ಮಗಳು ಗುಬ್ಬಿ ಕೂರುತ್ತಿದ್ದೆವು. ಸೊಸೆ ಶರಬತ್ತಿನ ಮೇಜು ಬಿಟ್ಟು ಕದಲುತ್ತಿರಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಬಂದ ಮೊದಲ ಆಟದ ದಿನ ಇದು. ನನಗೆ ಹೋಗುವ ಮನಸ್ಸಿರಲಿಲ್ಲ. ಗುಬ್ಬಿ ಬಿಡಲಿಲ್ಲ.

"ಮೂರು ಜನ ಇದ್ರೆ ಬೆಂಚು ಹತ್ತಿಸಲ್ಲ ತಾತ. ಚಿಕ್ಕಪ್ಪಂಗೆ ಫೋನ್ ಮಾಡ್ಲಾ?"

ಅವಳ ಅಪ್ಪ ಅಲ್ಲೇ ಕೂತು ಚಹಾ ಕುಡಿಯುತ್ತಿದ್ದ. ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಲೋಟ ತೊಳೆದಿಟ್ಟು ತನ್ನ ಮರಗೆಲಸದ ಕೊಟ್ಟಿಗೆಗೆ ಹೋದ. ಅಷ್ಟಕ್ಕೇ ನನಗೆ ಆಸೆ ಹುಟ್ಟಿತು.

ಅಣ್ಣತಮ್ಮಂದಿರ ನಡುವೆ ಮಾತು ನಿಂತಿತ್ತು. ನನ್ನ ಹೆಂಡತಿ ಬಹಳ ಕಾಲ ಹಾಸಿಗೆ ಹಿಡಿದಿದ್ದಳು. ದೊಡ್ಡವನು ಉಳಿ ಕೆಳಗಿಟ್ಟು ಬಂದು ಅವಳನ್ನು ಎತ್ತಿ ಕೂರಿಸುತ್ತಿದ್ದ, ಮೈ ಒರೆಸುತ್ತಿದ್ದ, ಮತ್ತೆ ಹೋಗಿ ಉಳಿ ಹಿಡಿಯುತ್ತಿದ್ದ. ಚಿಕ್ಕವನು ಬಸ್ಸಿನ ಡ್ರೈವರು, ಇದೇ ಊರಿನ ಇನ್ನೊಂದು ತುದಿಯಲ್ಲಿ ಒಬ್ಬನೇ ಇರುತ್ತಾನೆ. ಬರುತ್ತಿದ್ದ, ಆದರೆ ಗೇಟಿನವರೆಗೆ. "ಅಮ್ಮ ಹೇಗಿದಾಳೆ?" ಎಂದು ಕೇಳಿ, ಹಣ್ಣಿನ ಚೀಲ ನನ್ನ ಕೈಗಿತ್ತು ತಿರುಗುತ್ತಿದ್ದ. "ಹಾಗೆ ಮಲಗಿರೋದನ್ನ ನೋಡೋಕೆ ನನ್ನ ಕೈಲಾಗಲ್ಲ ಅಪ್ಪಾ" ಎನ್ನುತ್ತಿದ್ದ. ಅದು ಸುಳ್ಳಲ್ಲ, ಚಿಕ್ಕಂದಿನಿಂದ ಅವನದು ಅಳ್ಳೆದೆ. ಸಮಾಧಿಯ ಹತ್ತಿರ ಒಬ್ಬೊಬ್ಬರಾಗಿ ಹಿಡಿ ಮಣ್ಣು ಹಾಕುವಾಗ ಅವನೂ ಬಗ್ಗಿದ. ಅಣ್ಣ ಅವನ ಮಣಿಕಟ್ಟು ಹಿಡಿದ. "ನೀನು ಹಾಕ್ಬೇಡ" ಅಂದ. ಸಭೆಯ ಜನರೆಲ್ಲ ನೋಡುತ್ತಿದ್ದರು. ಚಿಕ್ಕವನು ಬೆರಳು ಸಡಿಲಿಸಿ ಮಣ್ಣನ್ನು ಕೆಳಗೆ ಬಿಟ್ಟು ಹೊರಟುಹೋದ. ಇಬ್ಬರೂ ನನ್ನ ಮಕ್ಕಳು. ತೀರ್ಪು ಹೇಳುವ ಶಕ್ತಿ ನನಗಿಲ್ಲ. ಅವರಿಬ್ಬರ ನಡುವೆ ಒಂದು ಮಾತು ಓಡಾಡುವುದನ್ನು ಕಂಡು ಕಣ್ಣು ಮುಚ್ಚಬೇಕೆಂದು ದೇವರಲ್ಲಿ ಬೇಡಿಕೊಳ್ಳುತ್ತಿದ್ದೆ. ಬೇರೆ ಏನನ್ನೂ ಬೇಡುತ್ತಿರಲಿಲ್ಲ.

ಗುಬ್ಬಿಯ ಫೋನಿಗೆ ಓಗೊಟ್ಟು ಆಟದ ದಿನ ಚಿಕ್ಕವನು ಬಂದ. ಗುಬ್ಬಿ ಅವನ ಕೈ ಹಿಡಿದು ಎಲ್ಲ ಆಟಕ್ಕೂ ಎಳೆದಾಡಿದಳು. ಪಾದ್ರಿಗಳು ಗೋಣಿಚೀಲದ ಓಟದಲ್ಲಿ ಮುಗ್ಗರಿಸಿ ಬಿದ್ದರು. ಅವರನ್ನು ಚೀಲದ ಸಮೇತ ಎತ್ತಿ ನಿಲ್ಲಿಸಿದವನು ಚಿಕ್ಕವನೇ. ಜನ ಕೇಕೆ ಹಾಕಿದರು. ದೊಡ್ಡವನು ದೂರದಲ್ಲಿ ಅಲುಗಾಡುತ್ತಿದ್ದ ಬೆಂಚೊಂದರ ಕಾಲಿಗೆ ಮೊಳೆ ಹೊಡೆಯುತ್ತಿದ್ದ. ತಲೆ ಎತ್ತಿ ನೋಡಿ ಅವನೂ ನಕ್ಕದ್ದನ್ನು ನಾನು ಕಂಡೆ.

ಕಿವಿಮಾತಿನ ಆಟ ನಡೆಸುವವಳು ಕೆಲಸದಿಂದ ನಿವೃತ್ತಳಾದ ಒಬ್ಬ ನರ್ಸಮ್ಮ. ಕೊರಳಲ್ಲಿ ಸದಾ ಸೀಟಿ ತೂಗುವುದರಿಂದ ಅವಳಿಗೆ ಸೀಟಿಯಮ್ಮ ಎಂದೇ ಹೆಸರು. ಮೊದಲು ಬೇಕರಿಯವನ ಮನೆಯವರು ಕೂತರು. ಅವನ ಕಿರಿಯ ಮಗ ಕೊನೆಯಲ್ಲಿ ಎದ್ದು, "ಪಾದ್ರಿಗಳ ಕೋಳಿ ಗೋಡೆ ಹಾರಿತು" ಎಂದ.

ಸೀಟಿಯಮ್ಮ ಚೀಟಿ ಓದಿದಳು. "ಪಾದ್ರಿಗಳ ಕೊಡೆ ಗಾಳಿಗೆ ಹಾರಿತು. ಲೋ, ಕೋಳಿ ಎಲ್ಲಿಂದ ತಂದ್ರೋ?"

"ನನ್ನ ಹತ್ರ ಕೋಳಿಯೇ ಇಲ್ಲವಲ್ಲಪ್ಪ" ಎಂದರು ಪಾದ್ರಿಗಳು.

"ಹಾರಿಹೋಯ್ತಲ್ಲ, ಇನ್ನೆಲ್ಲಿರುತ್ತೆ ಬಿಡಿ" ಎಂದ ಬೇಕರಿಯವನು.

ಹೊಟ್ಟೆ ಹಿಡಿದು ನಗುವವರ ನಡುವೆ ನಮ್ಮ ಸರದಿ ಬಂತು. ಚಿಕ್ಕವನು ಬೆಂಚಿನ ಆ ತುದಿಗೆ ಹೋಗಿ ಕೂತ, ದೊಡ್ಡವನು ಈ ತುದಿಗೆ. ಗುಬ್ಬಿಯನ್ನು ನಡುವೆ ಗೋಡೆಯ ಹಾಗೆ ಇಟ್ಟುಕೊಂಡರು.

"ಗುಬ್ಬಿ ಕೊನೆಗೆ ಕೂರಲಿ, ಅವಳ ಗಂಟಲು ದೊಡ್ಡದು" ಎಂದೆ ನಾನು. "ನಾನು ಮೊದಲು ಕೂತ್ಕೋತೀನಿ. ನೀವಿಬ್ರೂ ನಡುವೆ ಬನ್ನಿ."

ಎಲ್ಲರ ಎದುರಿಗೆ ಬೇಡವೆನ್ನಲು ಇಬ್ಬರಿಗೂ ಆಗಲಿಲ್ಲ. ದೊಡ್ಡವನು ನನ್ನ ಪಕ್ಕ ಕೂತ, ಅವನ ಪಕ್ಕ ಚಿಕ್ಕವನು. ನಡುವೆ ಅಂಗೈ ಅಗಲದ ಜಾಗ.

ಸೀಟಿಯಮ್ಮ ನನ್ನ ಕೈಗೆ ಚೀಟಿ ಕೊಟ್ಟಳು. "ಕತ್ತರಿ ಕಳೆದವನಿಗೆ ಕತ್ತೆ ಸಿಕ್ಕಿತು" ಎಂದಿತ್ತು. ನಾನು ಅದನ್ನು ಮಡಚಿ ಮುಷ್ಟಿಯಲ್ಲಿ ಹಿಡಿದುಕೊಂಡೆ. ದೊಡ್ಡವನ ಕಿವಿಗೆ ಬಾಯಿಟ್ಟು ಹೇಳಿದೆ: "ಇವತ್ತು ಮನೆಗೆ ಊಟಕ್ಕೆ ಬಾ."

ಇದು ಮೋಸವೆಂದು ಗೊತ್ತಿತ್ತು. ಇಷ್ಟು ಮೋಸವನ್ನು ದೇವರು ಮನ್ನಿಸುತ್ತಾನೆ ಎಂದುಕೊಂಡೆ. ಆಟದ ನೆಪದಲ್ಲಾದರೂ ಆ ಮಾತು ಅಣ್ಣನ ಬಾಯಿಂದ ಹೊರಟು ತಮ್ಮನ ಕಿವಿ ಸೇರಿದರೆ, ಒಮ್ಮೆ ಹೊರಟದ್ದು ಸುಮ್ಮನೆ ಹಿಂದಕ್ಕೆ ಬರಲಾರದು ಎಂದು ನಾನು ನಂಬಿದ್ದೆ.

ದೊಡ್ಡವನು ತಿರುಗಿ ನನ್ನ ಮುಖ ನೋಡಿದ. ಇದು ಚೀಟಿಯ ಮಾತಲ್ಲವೆಂದು ಅವನಿಗೆ ತಕ್ಷಣ ತಿಳಿಯಿತು.

"ಏನ್ರೀ ಮೇಸ್ತ್ರಿ, ಮಾತು ಗಂಟಲಲ್ಲಿ ಸಿಕ್ಕಿಹಾಕ್ಕೊಂಡ್ತಾ?" ಎಂದು ಬೇಕರಿಯವನು ಕೂಗಿದ. "ನೀರು ಕೊಡಿ ಯಾರಾದ್ರೂ."

ದೊಡ್ಡವನು ಬೆಂಚಿನ ಬೆನ್ನಿಗೆ ಕೈಯೂರಿ ತಮ್ಮನ ಕಡೆ ಬಾಗಿದ. ಎರಡು ತಲೆಗಳು ಹತ್ತಿರವಾದವು. ಇಬ್ಬರಿಗೂ ಅವರ ತಾಯಿಯದೇ ಕಿವಿ, ಮೇಲ್ತುದಿ ಸ್ವಲ್ಪ ಮಡಚಿದ ಹಾಗೆ. ತುಟಿ ಅಲುಗಿತು. ಚಿಕ್ಕವನ ಕುತ್ತಿಗೆ ಕೆಂಪಾಯಿತು. ಅವನು ಗುಬ್ಬಿಯ ಕಡೆ ಬಗ್ಗಿದ.

ಗುಬ್ಬಿ ಬೆಂಚಿನ ಮೇಲೆ ಹತ್ತಿ ನಿಂತಳು. "ಇವತ್ತು ಮನೆಗೆ ಊಟಕ್ಕೆ ಬಾ ಅಂತೆ."

ಸಭಾಂಗಣವೆಲ್ಲ ನಕ್ಕಿತು. "ಯಾರ ಮನೆಗೆ? ನಾವೂ ಬರ್ತೀವಿ" ಎಂದ ಬೇಕರಿಯವನು. ಸೀಟಿಯಮ್ಮ ನನ್ನ ಮುಷ್ಟಿ ಬಿಡಿಸಿ ಚೀಟಿ ಕಿತ್ತುಕೊಂಡು ಓದಿ, "ಕತ್ತೆ ಎಲ್ಲಿ? ಕತ್ತೇನ ಯಾರು ಊಟಕ್ಕೆ ಕಳಿಸಿದ್ದು?" ಎಂದು ಬಿದ್ದು ಬಿದ್ದು ನಕ್ಕಳು. ಈ ಆಟದಲ್ಲಿ ಮಾತು ಇಷ್ಟು ಕೆಟ್ಟದ್ದು ಹಿಂದೆಂದೂ ಇಲ್ಲವೆಂದು ಹೇಳಿ ನಮಗೆ ಒಂದು ಪೊಟ್ಟಣ ಮಿಠಾಯಿ ಕೊಟ್ಟಳು.

ಮಾತು ಕೆಟ್ಟಿರಲಿಲ್ಲ. ಅಕ್ಷರವೂ ತಪ್ಪದೆ ತಲುಪಿತ್ತು. ಕೊನೆಗೊಂದು ಪದ ಮಾತ್ರ ಅಂಟಿಕೊಂಡಿತ್ತು.

"ಅದನ್ನ ನೀನು ಸೇರಿಸಿದ್ಯಾ ಮಗಳೇ, ಅಂತೆ ಅನ್ನೋದನ್ನ?" ಎಂದು ಗುಬ್ಬಿಯನ್ನು ಕೇಳಿದೆ.

"ಇಲ್ಲ ತಾತ. ಚಿಕ್ಕಪ್ಪ ಹಾಗೇ ಹೇಳಿದ್ದು."

ಚಿಕ್ಕಪ್ಪನಿಗೆ ಹಾಗೆ ಹೇಳಿದವನು ಯಾರೆಂದು ಕೇಳಬೇಕಾಗಿರಲಿಲ್ಲ. ನಮ್ಮ ಭಾಷೆಯಲ್ಲಿ ಆ ಪುಟ್ಟ ಪದವನ್ನು ಯಾವ ಮಾತಿನ ಬಾಲಕ್ಕೆ ಕಟ್ಟಿದರೂ, ಆಡಿದವನಿಗೆ ಆ ಮಾತಿನಲ್ಲಿ ಪಾಲಿಲ್ಲದ ಹಾಗಾಗುತ್ತದೆ.

ಆಟ ಮುಗಿದು ಜನ ಚದುರತೊಡಗಿದರು. ಚಿಕ್ಕವನು ಹೊರಗಿನ ಮೆಟ್ಟಿಲ ಮೇಲೆ ಕೂತು ಶೂ ಹಾಕಿಕೊಳ್ಳುತ್ತಿದ್ದ. ಲೇಸು ಕಟ್ಟಿದ, ಬಿಚ್ಚಿದ, ಮತ್ತೆ ಕಟ್ಟಿದ. ಅವನು ಹೊರಟಿರಲಿಲ್ಲ. ನಾನು ಒಳಗೆ ಓಡಿದೆ. ಓಡುವ ವಯಸ್ಸಲ್ಲ, ಆದರೂ ಓಡಿದೆ. ದೊಡ್ಡವನು ಬೆಂಚುಗಳನ್ನು ಗೋಡೆಗೆ ಸೇರಿಸುತ್ತಿದ್ದ.

"ಅವನು ಕಾಯ್ತಿದಾನೆ ಕಣೋ. ಒಂದು ಸಲ ಕರಿ."

"ಕರೆದೆನಲ್ಲ."

"ನೀನು ಕರೀಲಿಲ್ಲ. ಅಂತೆ ಅಂದೆ."

ಅವನು ಬೆಂಚು ಕೆಳಗಿಟ್ಟ. ಸಿಟ್ಟಿರಲಿಲ್ಲ ಅವನಿಗೆ, ಸಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು.

"ಅಮ್ಮ ಎಚ್ಚರ ಆದಾಗೆಲ್ಲ ಅವನನ್ನೇ ಕೇಳ್ತಿದ್ಳು ಅಪ್ಪಾ. ನೀವು ಮಲಗಿದ್ದಾಗಲೂ ಕೇಳ್ತಿದ್ಳು. ನಾನು ಏನಂತ ಹೇಳ್ಲಿ? ಬರ್ತಾನಂತೆ ಅಮ್ಮ, ನಾಳೆ ಬರ್ತಾನಂತೆ, ಡ್ಯೂಟಿ ಇದೆಯಂತೆ. ದಿನಾ ಅದೇ. ಅವನು ಹೇಳದೇ ಇದ್ದದ್ದನ್ನೆಲ್ಲ ನಾನು ಹೇಳ್ದೆ. ಅವಳು ನನ್ನ ಅಂತೆಗಳನ್ನೇ ಕೇಳ್ಕೊಂಡು ಹೋದ್ಳು. ಇವತ್ತು ಇದೊಂದು ನನ್ನ ಬಾಯಲ್ಲಿ ಯಾಕೆ ಇಟ್ರಿ?"

ಶರಬತ್ತಿನ ಜಗ್ಗುಗಳನ್ನು ಎತ್ತಿಕೊಂಡು ಬಂದ ಸೊಸೆ ಬಾಗಿಲಲ್ಲೇ ನಿಂತುಬಿಟ್ಟಳು. "ಮಾವ, ಬೇಡ ಬಿಡಿ" ಎಂದಳು ಮೆಲ್ಲಗೆ.

ನಾನು ಮೆಟ್ಟಿಲ ಕಡೆ ಬಂದೆ. "ನಾನು ಕರೀತಿದೀನಿ. ಬಾರೋ, ಒಂದು ತುತ್ತು ತಿಂದು ಹೋಗು."

ಚಿಕ್ಕವನು ಎದ್ದು ಪ್ಯಾಂಟಿನ ಧೂಳು ಕೊಡವಿದ. "ಅದು ಅಣ್ಣನ ಮನೆ ಅಪ್ಪಾ. ಅವನೇ ಕರೀತಾನೇನೋ ಅಂತ ಕಾದೆ. ಲೇಸು ಎಷ್ಟು ಸಲ ಕಟ್ಟೋದು, ಕಿತ್ತು ಬರುತ್ತೆ." ನಗಲು ನೋಡಿದ. "ಕಿವಿ ಹತ್ರ ಬಂದಾಗ ಅವನ ಮೈಯಲ್ಲಿ ಮರದ ಪುಡಿ ವಾಸನೆ ಬಂತು. ಚಿಕ್ಕಂದಿನಲ್ಲಿ ಒಂದೇ ಹೊದಿಕೇಲಿ ಮಲಗ್ತಿದ್ವಲ್ಲ. ಆ ವಾಸನೆ ಬಂದಾಗ ಅಂದ್ಕೊಂಡೆ, ಈಗ ಅವನೇ ಬಾ ಅಂತಾನೆ ಅಂತ."

"ಅವನ ನೋವು ದೊಡ್ಡದು ಮಗಾ."

"ಗೊತ್ತು. ನಾನು ಗೇಟು ದಾಟಿ ಬರಬೇಕಿತ್ತು. ಈಗ ಯಾವ ಗೇಟು ದಾಟಿದ್ರೂ ಅಮ್ಮ ಅಲ್ಲಿಲ್ಲ."

ನನ್ನ ಕೈ ಮುಟ್ಟಿ, "ಬರ್ತೀನಿ ಅಪ್ಪಾ" ಎಂದ. ಹೋಗುವವರು ಹೇಳುವ ಮಾತೇ ಅದು. ರಸ್ತೆ ದಾಟಿ, ಬಸ್ಸು ನಿಲ್ಲುವ ಜಾಗದಲ್ಲಿ ಬೆನ್ನು ತಿರುಗಿಸಿ ನಿಂತ. ಗುಬ್ಬಿ ಮಿಠಾಯಿ ಪೊಟ್ಟಣ ಹಿಡಿದು ಓಡಿಹೋಗಿ ಅವನ ಜೇಬಿಗೆ ಒಂದಿಷ್ಟು ತುರುಕಿ ಬಂದಳು.

"ಮುಂದಿನ ವರ್ಷಾನೂ ನಾವು ನಾಲ್ಕು ಜನ ಅಲ್ವಾ ತಾತ?"

"ನೋಡೋಣ ಪುಟ್ಟಾ."

ನೋಡುವುದಕ್ಕೇನೂ ಇರಲಿಲ್ಲ. ನಾನು ಈಗಲೂ ಮೊಣಕಾಲೂರುತ್ತೇನೆ. ದೇವರ ಮೇಲೆ ದೂರಿಲ್ಲ. ಕೇಳಿದ್ದನ್ನು ಆತ ಕೊಟ್ಟ: ಅಣ್ಣನಿಂದ ತಮ್ಮನಿಗೆ ಒಂದು ಮಾತು ಹೋಯಿತು, ನಾನು ಕಣ್ಣಾರೆ ಕಂಡೆ. ಇನ್ನು ಇವರಿಬ್ಬರನ್ನು ಒಂದೇ ಬೆಂಚಿನಲ್ಲಿ ಕೂರಿಸುವುದು ನನ್ನ ಸಾವೊಂದೇ. ಅಂದು ಯಾರ ಕಿವಿಯಲ್ಲೂ ನಾನು ಏನೂ ಹೇಳಲಾರೆ.

ಆ ಸಂಜೆ ನಾನು ಒಳಗೆ ಬಂದಾಗ ದೊಡ್ಡವನು ಉದ್ದನೆಯ ಬೆಂಚೊಂದನ್ನು ಒಬ್ಬನೇ ಎಳೆಯುತ್ತಿದ್ದ. ನೆಲಕ್ಕೆ ಉಜ್ಜಿ ಕರಕರ ಸದ್ದಾಗುತ್ತಿತ್ತು.

"ಹೋದ್ನಾ?" ಎಂದು ತಲೆ ಎತ್ತದೆ ಕೇಳಿದ.

"ಹೋದ."

"ಆ ಕಡೆ ಹಿಡೀರಿ ಅಪ್ಪಾ. ನಿಧಾನ, ಕಾಲ ಮೇಲೆ ಬಿದ್ದೀತು."

ನಾನು ಹಿಡಿದೆ.