ಎರಡು ಸಲ ಹೇಳಿದ ಪಾಠ

ಬೆಟಗೇರಿಯ ಸರಕಾರಿ ಶಾಲೆಯ ಹಿಂದೆ, ಬಿಸಿಯೂಟದ ಅಡುಗೆಮನೆಗೂ ಕಂಪೌಂಡಿಗೂ ನಡುವೆ ಉಳಿದಿದ್ದ ಕಪ್ಪು ನೆಲವನ್ನು ಹುಚ್ಚೀರಪ್ಪ ಮಾಸ್ತರರು ಏಳನೆಯ ತರಗತಿಯ ಮಕ್ಕಳ ಕೈಯಿಂದಲೇ ಅಗೆಸಿ ಮಡಿ ಮಾಡಿಸಿದ್ದರು. ಪುಸ್ತಕದಲ್ಲಿ ಓದಿದ ಬೇರು ಬೆರಳಿಗೆ ತಾಗದ ಹೊರತು ಮನಸ್ಸಿಗೆ ಇಳಿಯುವುದಿಲ್ಲ ಎಂಬುದು ಅವರ ನಂಬಿಕೆ. ಶನಿವಾರದ ಮುಂಜಾನೆಯ ಶಾಲೆ ಪೂರ್ತಿ ಅಲ್ಲಿಯೇ ನಡೆಯುತ್ತಿತ್ತು.

ಮೂಲಂಗಿ ಬಿತ್ತಿದ ದಿನ ನೇಕಾರರ ಓಣಿಯ ಮಕ್ಕಳು ಬೀಜಕ್ಕೆ ಬೀಜ ತಾಗಿಸಿ ಊರಿದರು. ಎಳೆಗಳು ವಿರಳವಾದ ಬಟ್ಟೆಯನ್ನು ಜಾಳು ಎಂದು ಹಳಿಯುವ ಮನೆಗಳಲ್ಲಿ ಬೆಳೆದವರು ಅವರು. ನಡುವೆ ನೆಲ ಕಾಣುವಂತೆ ಬಿತ್ತುವುದು ಕೆಟ್ಟ ಕೆಲಸವೆಂದೇ ಅವರಿಗೆ ಅನಿಸಿತ್ತು.

‘ಮೂಲಂಗಿ ಬಿತ್ತೀರೋ, ಸೀರಿ ನೇದೀರೋ?’ ಎಂದು ಅಸುಂಡಿಯ ರೈತನ ಮಗ ಸಂಜು ಕೆಣಕಿದ.

‘ನಿಂದ ನೋಡ್ಕೋಲೇ, ಎಷ್ಟ ಜಾಳಾಗೇತಿ’ ಎಂದಳು ನೇಕಾರರ ಓಣಿಯ ವಿದ್ಯಾಶ್ರೀ.

ಸಸಿಗಳು ಒಂದರ ಮೈಮೇಲೊಂದು ಎದ್ದವು. ಮಾಸ್ತರರು ಮಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕುಳಿತು ತೋರಿಸಿದರು.

‘ಇಷ್ಟ ಜಾಗಾದಾಗ ಇಷ್ಟೂ ಕೂಡಿ ಬೆಳೀತೀವಿ ಅಂದ್ರ ಒಂದಕ್ಕೂ ಗಡ್ಡಿ ಬರಂಗಿಲ್ಲ. ಸೊರಗಿದ್ದನ್ನ ಕೀಳ್ರಿ. ಒಂದು ಹೋದ್ರ ಬಾಜೂಕಿಂದು ಬಲೀತೈತಿ.’

‘ಕಿತ್ತಿದ್ದು ಏನಾಕ್ಕೈತ್ರಿ ಸರ್ರ?’ ಎಂದು ಸುನಿತಾ ಕೇಳಿದಳು. ಅವಳು ವಿದ್ಯಾಶ್ರೀಯ ತಂಗಿ. ಒಂದು ವರ್ಷಕ್ಕೆ ಚಿಕ್ಕವಳಾದರೂ ಅಕ್ಕನ ಜೊತೆಗೇ ಶಾಲೆಗೆ ಸೇರಿಸಿದ್ದರಿಂದ ಒಂದೇ ತರಗತಿ. ಅಕ್ಕ ಸರಾಗವಾಗಿ ದಾಟುವ ಸಾಲಿನಲ್ಲಿ ಅವಳ ಬೆರಳು ಅಕ್ಷರಕ್ಕೊಮ್ಮೆ ನಿಲ್ಲುತ್ತಿತ್ತು.

‘ಆಡು ತಿಂತೈತಿ ಬಿಡು’ ಎಂದ ಸಂಜು. ಮಕ್ಕಳು ನಕ್ಕರು. ಮಾಸ್ತರರೂ ನಕ್ಕರು.

ಸೋಮವಾರ ಸುನಿತಾ ಬರಲಿಲ್ಲ. ಜ್ವರವಿರಬಹುದು ಎಂದುಕೊಂಡು ಮಾಸ್ತರರು ವಾರ ಕಳೆದರು. ಕೊನೆಗೆ ವಿದ್ಯಾಶ್ರೀಯನ್ನು ಕರೆದು ವಿಚಾರಿಸಿದರು.

‘ಆಕಿ ಇನ್ನ ಬರಂಗಿಲ್ರಿ ಸರ್ರ. ಅವ್ವನ ಕೈ ಮ್ಯಾಲ ಏಳವಲ್ದು. ಕಂಡಿಕಿ ಸುತ್ತಾಕ ಮನ್ಯಾಗ ಒಬ್ಬರು ಬೇಕ್ರಿ.’ ಹುಡುಗಿ ನೆಲ ನೋಡಿದಳು. ‘ಯಾರನ್ನ ಬಿಡಸೂದು ಅಂತ ಅಪ್ಪಗ ತಿಳೀವಲ್ದಾಗಿತ್ತು. ನಾನ ಉಣ್ಣೂಮುಂದ ಮೂಲಂಗಿ ಮಾತ ಹೇಳಿದೆ.’

ಸಂಜೆ ಹುಚ್ಚೀರಪ್ಪನವರು ನೇಕಾರರ ಓಣಿಗೆ ಹೊರಟರು. ಮಕ್ಕಳನ್ನು ಹೀಗೆ ಶಾಲೆ ಬಿಡಿಸುವಂತಿಲ್ಲವೆಂಬ ಕಾನೂನಿನ ಮಾತನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡರು. ಹುಡುಗಿಯರ ತಂದೆ ಹನುಮಪ್ಪ ಕುಣಿಮಗ್ಗದ ತಗ್ಗಿನಲ್ಲಿ ಕಾಲಿಳಿಬಿಟ್ಟು ಕುಳಿತು, ಸೊಂಟದವರೆಗೆ ನೆಲದೊಳಗಿದ್ದ. ಮೂಲೆಯಲ್ಲಿ ಸುನಿತಾ ರಾಟಿ ತಿರುಗಿಸುತ್ತ, ಅಪ್ಪನ ಲಾಳಿಗೆ ಬೇಕಾದ ಪುಟ್ಟ ಕಂಡಿಕೆಗಳಿಗೆ ನೂಲು ತುಂಬುತ್ತಿದ್ದಳು. ಅವಳು ತಲೆ ಎತ್ತಲಿಲ್ಲ.

‘ಬರ್ರಿ ಸರ್ರ, ಕುಂಡ್ರಿ. ವಿದ್ಯಾ, ಸರ್ರಿಗೆ ನೀರ ಕೊಡು.’

‘ಸುನಿತಾನ್ನ ಸಾಲಿ ಬಿಡಿಸೀಯಂತ?’

‘ಬಿಡಿಸೀನ್ರಿ.’ ಅವನ ದನಿಯಲ್ಲಿ ಎದುರಾಟವಿರಲಿಲ್ಲ. ‘ದೊಡ್ಡಾಕಿ ಶಾಣ್ಯಾ ಅದಾಳ, ಓದಲಿ. ನೀವು ಕಲಿಸಿದ್ದು ಖರೆ ಅನಿಸ್ತ್ರಿ ನನಗ. ಇಬ್ಬರನ್ನೂ ಅರೆಬರೆ ಬೆಳಸೂದಕ್ಕಿಂತ ಒಂದರ ಬಲೀಲಿ.’

‘ಅದು ಮೂಲಂಗಿ ಮಾತು, ಹನುಮಪ್ಪ.’

‘ಮತ್ತ ಹುಡುಗರನ್ನ ತ್ವಾಟಕ್ಕ ಯಾಕ ಕರ್ಕೊಂಡ ಹೋಗ್ತೀರಿ? ಬರೇ ಮೂಲಂಗಿ ಬೆಳ್ಯಾಕನ?’

ಜೋಡಿಸಿ ತಂದ ಕಾನೂನಿನ ಮಾತು ಇಲ್ಲಿ ಕೆಲಸಕ್ಕೆ ಬರುವಂಥದ್ದಾಗಿರಲಿಲ್ಲ. ಎದುರಿಗಿದ್ದವನು ಪಾಠವನ್ನು ತಿರಸ್ಕರಿಸಿದವನಲ್ಲ, ನಂಬಿದವನು. ಇಷ್ಟು ವರ್ಷ ತಾವು ಆಡಿದ ಮಾತುಗಳು ಸಂಜೆ ಯಾವ ಯಾವ ಮನೆಯ ಊಟದ ತಟ್ಟೆಯ ಮುಂದೆ ಹೋಗಿ ಕುಳಿತಿರಬಹುದು ಎಂದು ಅವರಿಗೆ ಮೊದಲ ಸಲ ಭಯವಾಯಿತು.

‘ನಾ ಅರ್ಧಾ ಕಲಿಸಿದೆ’ ಎಂದರು. ‘ಆ ಸಸಿ ಸೊರಗಿದ್ದು ಅದರ ತಪ್ಪಲ್ಲ. ಮಡಿ ಸಣ್ಣದಿತ್ತು. ಬಿತ್ತೂಮುಂದನ ಬಾಜೂಕ ಇನ್ನೊಂದ ಮಡಿ ಮಾಡಬೇಕಿತ್ತು. ಕೀಳೂದು ಹಗೂರ ಅನಿಸ್ತು, ಕೀಳ್ರಿ ಅಂದೆ.’

‘ನಿಮಗ ಸಾಲ್ಯಾಗ ನೆಲ ಐತ್ರಿ ಸರ್ರ. ನಾ ಇನ್ನೊಂದ ಮಡಿ ಎಲ್ಲಿ ಮಾಡ್ಲಿ?’

ಒಳಬಾಗಿಲಲ್ಲಿ, ಬಲಗೈಯನ್ನು ಸೆರಗಿನೊಳಗೆ ಎದೆಗೊತ್ತಿಕೊಂಡು ನಿಂತಿದ್ದ ತಾಯಿ ಕಳಕವ್ವ, ‘ಆಕಿನ್ನ ಯಾರರ ಒಂದ ಮಾತ ಕೇಳೀರೇನು?’ ಎಂದಳು.

ರಾಟಿ ನಿಂತಿತು. ಸುನಿತಾ ತುಂಬಿದ ಕಂಡಿಕೆಯನ್ನು ಬುಟ್ಟಿಗೆ ಹಾಕಿದಳು.

‘ಅಕ್ಕ ಹೋಗಲಿ. ನನಗ ಓದಾಕ ಬರಂಗಿಲ್ಲ.’ ರಾಟಿಯ ಹಿಡಿಗೆ ಮತ್ತೆ ಕೈ ಹಾಕಿ, ‘ತ್ವಾಟಕ್ಕಷ್ಟ ಹೋಗಬೇಕನಸ್ತೈತಿ’ ಎಂದಳು.

ನೀರಿನ ತಂಬಿಗೆ ಹಿಡಿದು ನಿಂತಿದ್ದ ವಿದ್ಯಾಶ್ರೀ ಅದನ್ನು ಮೆಲ್ಲಗೆ ಕೆಳಗಿಟ್ಟಳು. ‘ಅಪ್ಪಾ, ಒಂದಿನ ಆಕಿ ಹೋಗಲಿ, ಒಂದಿನ ನಾ ಹೋಗ್ತೀನಿ. ಮನ್ಯಾಗ ಇದ್ದಾಕಿ ಕಂಡಿಕಿ ಸುತ್ತೂದು.’

‘ಹಂಗಾದ್ರ ನೀನೂ ಹಿಂದ ಬೀಳ್ತಿ.’

‘ಬೀಳ್ತೀನಿ.’

ಹನುಮಪ್ಪ ಮಗಳನ್ನು ನೋಡಿದ. ಮಾಸ್ತರರ ಕಡೆಗೂ ನೋಡಿದ. ಅವರು ಇದನ್ನು ಬೇಡವೆಂದಾರು ಎಂದು ಕಾದಂತಿತ್ತು. ಅವರು ಬೇಡವೆನ್ನದೆ ತಂಬಿಗೆಯನ್ನು ಕೈಗೆತ್ತಿಕೊಂಡರು.

‘ಆತು’ ಎಂದು ಅವನು ಲಾಳಿ ಎಸೆದು ಮತ್ತೆ ನೇಯತೊಡಗಿದ.

ಗೆದ್ದ ಭಾವ ಯಾರ ಮುಖದಲ್ಲೂ ಇರಲಿಲ್ಲ. ಒಬ್ಬಳ ದಿನಗಳನ್ನು ಕತ್ತರಿಸಿ ಇನ್ನೊಬ್ಬಳಿಗೆ ಹೊಲಿದಂತಾಗಿತ್ತು, ಅಷ್ಟೆ. ಮಾಸ್ತರರು ನೀರು ಕುಡಿದು ಎದ್ದರು.

ಮರುದಿನ ಸುನಿತಾ ಒಬ್ಬಳೇ ಬಂದಳು. ಶನಿವಾರವಲ್ಲದಿದ್ದರೂ ಮಾಸ್ತರರು ತರಗತಿಯನ್ನು ಮಡಿಯ ಬಳಿಗೆ ಕರೆದೊಯ್ದು, ಮೂಲಂಗಿಯ ಬುಡಕ್ಕೆ ಮಣ್ಣೇರಿಸುವುದನ್ನು ಕಲಿಸಿದರು. ಸುನಿತಾ ಬೆರಳ ತುದಿಯಿಂದ ಮಣ್ಣನ್ನು ಒತ್ತಿದಳು.

ಅದರ ಮರುದಿನ ಆ ಜಾಗದಲ್ಲಿ ವಿದ್ಯಾಶ್ರೀ ಇದ್ದಳು. ಮಾಸ್ತರರು ಮತ್ತೆ ಎಲ್ಲರನ್ನೂ ಮಡಿಯ ಸುತ್ತ ಕೂರಿಸಿ ಅದೇ ಪಾಠವನ್ನು ಮೊದಲಿನಿಂದ ಹೇಳತೊಡಗಿದರು.

‘ಸರ್ರ, ಇದು ನಿನ್ನೆನ ಆಗೇತಲ್ರಿ’ ಎಂದ ಸಂಜು.

‘ಆಗೇತಿ. ಇವತ್ತ ಇನ್ನೊಮ್ಮೆ ಆಕ್ಕೈತಿ. ಕುಂಡ್ರು.’

ಸಂಜು ವಿದ್ಯಾಶ್ರೀಯ ಕಡೆ ನೋಡಿ, ಅವಳಿಗೆ ಜಾಗ ಬಿಟ್ಟು ಪಕ್ಕಕ್ಕೆ ಸರಿದು ಕುಳಿತ. ವರ್ಷ ಮುಗಿಯುವವರೆಗೂ ಹುಚ್ಚೀರಪ್ಪನವರು ಪ್ರತಿಯೊಂದು ಪಾಠವನ್ನೂ ಎರಡು ದಿನ ಹೇಳಿದರು. ಪುಸ್ತಕ ಅರ್ಧದಲ್ಲಿಯೇ ಉಳಿಯಿತು.