ಏಣಿ ಮತ್ತು ಎರಡನೆಯ ಗೆರೆ

ಮಣ್ಣು ಮಾಡಲು ಬಂದಿದ್ದ ಬಂಧುಗಳೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಹಾಲಿನವನು ಎಂದಿನಂತೆ ಬೆಲ್ ಒತ್ತಿದ. ಮೇಲ್ಮನೆಯ ಮಿಕ್ಸಿ ಎಂದಿನಂತೆ ಗರ್ಜಿಸಿತು. ನನ್ನ ಗಂಡ ಸತ್ತ ಸುದ್ದಿಯನ್ನು ಮಿಕ್ಸಿಗೆ ತಿಳಿಸಲು ನಾವು ಮರೆತಿದ್ದೆವು. ನಾನು ಹಜಾರದಲ್ಲಿದ್ದ ಏಣಿಯನ್ನು ವಾಪಸು ಕೊಡಲು ಹೆಗಲಿಗೇರಿಸಿ ಬಾಗಿಲ ತನಕ ಹೋದೆ.

“ಅಯ್ಯೋ, ಇಳಿಸು ಅದನ್ನ!” ಅತ್ತೆ ಓಡಿ ಬಂದರು. ಮಂಡಿನೋವಿನವರು, ಓಡಿದ್ದನ್ನು ನಾನು ನೋಡಿದ್ದೇ ಮೊದಲು. “ಈ ತಿಂಗಳು ಮುಟ್ಟಾದ್ಯಾ?”

“ಇನ್ನೂ ಇಲ್ಲ. ನಂದು ಯಾವಾಗ್ಲೂ ಹಾಗೇ ಅಲ್ವಾ ಅತ್ತೆ?”

“ಯಾವಾಗ್ಲೂ ಬೇರೆ, ಈಗ ಬೇರೆ.”

ನನ್ನ ಮುಟ್ಟಿನದು ಕಾಲೇಜು ದಿನಗಳಿಂದಲೂ ತನ್ನದೇ ದರ್ಬಾರು. ಒಮ್ಮೆ ಕರೆಯದೆ ಬರುತ್ತದೆ, ಒಮ್ಮೆ ಕರೆದರೂ ಇಲ್ಲ. ಗಂಡ ಅದನ್ನು ನಮ್ಮ ಬೀದಿಯ ನಲ್ಲಿ ನೀರಿಗೆ ಹೋಲಿಸುತ್ತಿದ್ದ. ನೀರು ಪರೀಕ್ಷಿಸುವ ಲ್ಯಾಬಿನವಳಾದ ನನಗೆ ಆಡಬಹುದಾದ ಅತ್ಯುತ್ತಮ ಪ್ರೇಮದ ಮಾತು ಅದೆಂದು ಅವನ ನಂಬಿಕೆ.

ಏಣಿ ಕೆಳಮನೆಯ ಪೇಂಟರ್‌ನದು. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಸರಿಮಾಡುತ್ತೇನೆಂದು ಗಂಡ ಕೇಳಿ ತಂದಿದ್ದ. ಅದರಿಂದ ಬಿದ್ದು ಸತ್ತಿದ್ದರೆ ಬಂದವರಿಗೆ ಹೇಳಲು ಒಂದು ಕಥೆಯಾದರೂ ಇರುತ್ತಿತ್ತು. ಅವನು ಸತ್ತದ್ದು ಆಫೀಸಿನ ಲಿಫ್ಟಿನಲ್ಲಿ. ಹೃದಯ ನಡುವೆಯೇ ನಿಂತಿತು, ಲಿಫ್ಟ್ ಮಾತ್ರ ಹೋಗಬೇಕಾದ ಮಹಡಿಗೆ ಹೋಗಿಯೇ ನಿಂತಿತು.

ಅತ್ತೆ ಏಣಿ ಇಳಿಸಿದ ದಿನದಿಂದ ಮನೆಯಲ್ಲಿ ನನ್ನ ಮುಖ ನೋಡಿ ಮಾತಾಡುವವರಿಲ್ಲದಾಯಿತು. ಅತ್ತೆ, ನಾದಿನಿ ಇಬ್ಬರೂ ನನ್ನ ಹೊಟ್ಟೆಯ ಜೊತೆ ಮಾತಾಡುತ್ತಿದ್ದರು. ಹಸಿವಾಯಿತೇ ಎಂದು ಅದನ್ನೇ ಕೇಳುತ್ತಿದ್ದರು. ಒಂದು ಸಂಜೆ ಪೇಂಟರ್ ಬಾಗಿಲಲ್ಲಿ ಬಂದು ನಿಂತ.

“ಅಮ್ಮಾ, ಬೇಜಾರು ಮಾಡ್ಕೋಬೇಡಿ. ಆ ಏಣಿ…”

“ಅದು ಅಲ್ಲೇ ಇರ್ಲಪ್ಪ. ನನ್ ಮಗ ನಿಲ್ಲಿಸಿಟ್ಟಿದ್ದು. ಮಗು ನೋಡ್ಬೇಕು.”

“ಯಾವ ಮಗು?”

“ಬರ್ತಾ ಇದೆ.”

ಹುಟ್ಟದ ಮಗುವಿನೊಂದಿಗೆ ಜಗಳಕ್ಕಿಳಿಯುವಷ್ಟು ಕೆಟ್ಟವನಲ್ಲ ಪೇಂಟರ್. ಖಾಲಿ ಡ್ರಮ್ಮಿನ ಮೇಲೆ ನಿಂತು ಬಣ್ಣ ಬಳಿಯಲು ಹೋದ.

ನಾದಿನಿ ಮೆಡಿಕಲ್ ಶಾಪಿನಿಂದ ಬಸಿರು ಪರೀಕ್ಷೆಯ ಕಿಟ್ ತಂದುಕೊಟ್ಟಳು. “ಈಗ್ಲೇ ನೋಡಿ ಅತ್ತಿಗೆ.”

“ಇಷ್ಟು ಬೇಗ ನೋಡಿದ್ರೆ ಅದಕ್ಕೂ ಗೊತ್ತಿರಲ್ಲ.”

“ಡೇಟ್ ದಾಟಿದ ಮೇಲೆ ನೋಡ್ಬೇಕು ಅಂತಾರಲ್ಲ?”

“ದಾಟೋಕೆ ನಂಗೆ ಡೇಟ್ ಎಲ್ಲಿದೆ?”

ನನ್ನಂಥವರು ಗಂಡನೊಂದಿಗೆ ಕೊನೆಯ ಬಾರಿ ಕೂಡಿದ ದಿನದಿಂದ ಮೂರು ವಾರ ಕಾಯಬೇಕು. ಆ ದಿನ ನನಗೆ ಚೆನ್ನಾಗಿ ನೆನಪಿತ್ತು. ಕಾರಣ ಪ್ರೇಮವೇನಲ್ಲ. ಏಣಿ ಬಂದದ್ದು ಅಂದೇ ಸಂಜೆ. ಫ್ಯಾನ್ ನಾಳೆ ನೋಡಿದರಾಯಿತು ಎಂದು ಅವನು ದೀಪ ಆರಿಸಿದ್ದ.

ಮೂರು ವಾರ ತುಂಬಿದ ಬೆಳಿಗ್ಗೆ, ಎದ್ದವಳೇ ನೋಡಿದೆ. ಪೊಟ್ಟಣದ ಮೇಲೆ ಬರೆದಿದ್ದಷ್ಟು ಹೊತ್ತು ಕಾದೆ. ಒಂದೇ ಗೆರೆ. ಪಟ್ಟಿಯನ್ನು ಕಸದ ಬುಟ್ಟಿಗೆ ಎಸೆದು, “ಇಲ್ಲ” ಎಂದು ಹೇಳಿ ಕೆಲಸಕ್ಕೆ ಹೋದೆ. ಅತ್ತೆ ನನ್ನನ್ನು ನಂಬಲಿಲ್ಲ, ಬುಟ್ಟಿಯನ್ನು ನಂಬಿದರು.

ಸಂಜೆ ಬಂದಾಗ ಪಟ್ಟಿ ಸ್ಟೀಲ್ ತಟ್ಟೆಯಲ್ಲಿ ವಿರಾಜಮಾನವಾಗಿತ್ತು. ಅದರಲ್ಲಿ ಎರಡನೆಯ ಗೆರೆ, ತೆಳ್ಳಗೆ, ಬೂದು ಬಣ್ಣದ್ದು. ದೂರದ ಚಿಕ್ಕಮ್ಮನವರೆಗೂ ಫೋನ್ ಹೋಗಿ ಆಗಿತ್ತು.

“ಇಷ್ಟು ಓದಿದ್ದೀಯ, ಒಂದು ಗೆರೆ ಕಾಣಲ್ವಾ ನಿಂಗೆ?” ಎಂದರು ಅತ್ತೆ.

ಹೊತ್ತು ಮೀರಿದ ಪಟ್ಟಿಯನ್ನು ಓದಬಾರದು. ಲ್ಯಾಬಿಗೆ ಹೊಸದಾಗಿ ಸೇರಿದವರಿಗೆ ನಾನು ಮೊದಲು ಹೇಳಿಕೊಡುವುದೇ ಅದು. ಒಣಗಿದ ಮೇಲೆ ಅದು ತನಗೆ ತೋಚಿದ್ದನ್ನು ತೋರಿಸುತ್ತದೆ. ಹೇಳಲು ಬಾಯಿ ತೆರೆದೆ. ಆದರೆ ಕೈ ಪಟ್ಟಿಯನ್ನು ಎತ್ತಿಕೊಂಡು ಅಡುಗೆಮನೆಯ ಟ್ಯೂಬ್‌ಲೈಟಿನ ಕೆಳಗೆ ಹಿಡಿಯಿತು. ಓರೆ ಮಾಡಿ ನೋಡಿದೆ. ಕನ್ನಡಕ ಒರೆಸಿ ನೋಡಿದೆ. ಅವನ ಮೂಗು, ಅವನ ಸಪ್ಪೆ ಜೋಕುಗಳು ಅಷ್ಟು ಸಣ್ಣ ಗೆರೆಯೊಳಗೆ ಹಿಡಿಸಬಹುದೇ ಎಂದು ನೋಡಿದೆ. ವಿಶ್ವವಿದ್ಯಾಲಯ ನನಗೆ ಕೊಟ್ಟಿದ್ದ ಪದಕವನ್ನು ಅಂದೇ ವಾಪಸು ಕೇಳಬಹುದಿತ್ತು.

“ಇದ್ರೂ ಇರಬಹುದು” ಎಂದೆ.

ಆ ಮಾತಿಗೆ ಒಂದು ವಾರ ಹಾಲು, ಮೊಟ್ಟೆ, ಕಾಲಿನಡಿ ದಿಂಬು. ಸಾವಿನ ನಂತರ ಅತ್ತೆ ತಟ್ಟೆ ಖಾಲಿ ಮಾಡಿ ಉಂಡದ್ದು ಆ ವಾರವೇ. ಮುಟ್ಟಂತೂ ಬರಲಿಲ್ಲ. ಇನ್ನೊಂದು ಕಿಟ್ ಒಡೆಯಲು ನನಗೆ ಧೈರ್ಯವಾಗಲಿಲ್ಲ. ನಾದಿನಿಯೇ ಡಾಕ್ಟರ ಬಳಿ ಕರೆದೊಯ್ದಳು. ರಕ್ತಪರೀಕ್ಷೆಯ ಉತ್ತರ ಅಂದೇ ಬಂತು. ಇಲ್ಲ.

“ಮನೇಲಿ ಯಾವಾಗ ಟೆಸ್ಟ್ ಮಾಡಿದ್ರಿ?” ಡಾಕ್ಟರ್ ಕೇಳಿದರು.

“ಬೆಳಿಗ್ಗೆ.”

“ಎರಡು ಗೆರೆ ನೋಡಿದ್ದು?”

“ಸಂಜೆ.”

“ಎಲ್ಲಿ ಕೆಲ್ಸ ನಿಮ್ದು?”

ಹೇಳಿದೆ. ಅವರು ಪೆನ್ನಿನ ಕ್ಯಾಪ್ ಹಾಕಿ, ತೆಗೆದು, ಮತ್ತೆ ಹಾಕಿದರು.

“ಇಲ್ಲ ಅಂತ ಬಂದು, ಮುಟ್ಟೂ ಆಗ್ದಿದ್ರೆ, ಒಂದು ವಾರ ಬಿಟ್ಟು ಹೊಸ ಕಿಟ್‌ನಲ್ಲಿ ನೋಡ್ಬೇಕಮ್ಮ. ಹಳೇದನ್ನ ದೀಪಕ್ಕೆ ಹಿಡಿಯೋದಲ್ಲ. ಮನಸ್ಸಿಗೆ ಪೆಟ್ಟು ಬಿದ್ರೂ ಮುಟ್ಟು ತಡ ಆಗತ್ತೆ. ಮೂರು ತಿಂಗಳು ಆಗ್ಲೇ ಇಲ್ಲ ಅಂದ್ರೆ ಬನ್ನಿ, ಯಾಕೆ ಅಂತ ಹುಡುಕೋಣ.”

ಮನೆಯಲ್ಲಿ ಅತ್ತೆ ನನ್ನ ಮುಖ ನೋಡಿದರು. ಹೊಟ್ಟೆ ನೋಡಲಿಲ್ಲ. ಅಷ್ಟರಲ್ಲೇ ಅವರಿಗೆ ತಿಳಿದಿರಬೇಕು. ಪಟ್ಟಿಯನ್ನು ಹೊತ್ತು ಮೀರಿ ಓದಿದ್ದನ್ನು ನಾದಿನಿ ಹೇಳಿದಳು.

“ರಕ್ತಾನ ಸರಿಯಾದ ಹೊತ್ತಿಗೆ ನೋಡಿದ್ರಂತಾ?”

“ಹೂಂ, ಅತ್ತೆ.”

ಅವರು ಮಂಡಿ ಉಜ್ಜಿಕೊಂಡರು. ನಾನು ಏಣಿಯ ಬಳಿ ಹೋದೆ.

“ಭಾರ ಇದೆ. ಆ ಕಡೆ ನಾನು ಹಿಡೀತೀನಿ.”

“ಬೇಡ ಅತ್ತೆ. ಈಗ ನಾನು ಏನು ಬೇಕಾದ್ರೂ ಎತ್ತಬಹುದು.”

ಆದರೂ ಅವರು ಬಾಗಿಲ ತನಕ ಏಣಿಯ ಹಿಂದಿನ ತುದಿ ಹಿಡಿದು ಬಂದರು.

ಕೆಳಗೆ ಪೇಂಟರ್ ಡ್ರಮ್ಮಿನಿಂದ ಧುಮುಕಿದ. “ಅಯ್ಯೋ, ಇಂಥಾ ಹೊತ್ತಲ್ಲಿ ನೀವ್ಯಾಕೆ ಹೊತ್ಕೊಂಡ್ ಬಂದ್ರಿ?” ಎಂದವನು ನನ್ನ ಮುಖ ನೋಡಿ ಮಾತು ಬದಲಿಸಿದ. “ಫ್ಯಾನ್ ಸರಿ ಹೋಯ್ತಾ?”

“ಇಲ್ಲ” ಎಂದೆ. ಏಣಿಯನ್ನು ಹಸಿ ಬಣ್ಣ ತಾಗದಂತೆ ಆಚೆ ಗೋಡೆಗೆ ಒರಗಿಸಿದೆ.